ಬಡಕಲು ಮೈಯೂ ಭಾರದ ಸಾಧನೆಯೂ

ಎರಡು ತಿಂಗಳ ಹಿಂದೆ ತರುಣನೊಬ್ಬನು ನಮ್ಮನ್ನು ಕಾಣಲು ಬಂದಿದ್ದನು. ಇಪ್ಪತ್ತೆರಡು ವರ್ಷ ವಯಸ್ಸು. ಎತ್ತರ 172 ಸೆಂಟಿಮೀಟರು. ಓದು ಮುಗಿಸಿ ಈಚೆಗೆ ತಾನೆ ಉದ್ಯೋಗಕ್ಕೆ ಸೇರಿದವನು. ಚಿಕ್ಕಂದಿನಿಂದಲೂ ಬಡಕಲು ಮೈ. ಮನೆಯಲ್ಲಿ ‘ಕಡ್ಡಿ ಪೈಲ್ವಾನ’ ಎಂಬ ಬಿರುದು ಬೇರೆ. ಈ ಬಿರುದನ್ನು ಕಳೆದುಕೊಳ್ಳಬೇಕೆಂದೇ ಅವನು ಮೂರು ತಿಂಗಳಿಂದ ಮನೆಯ ಬಳಿಯ ವ್ಯಾಯಾಮಶಾಲೆಗೆ ತಪ್ಪದೆ ಹೋಗಿ ಭಾರ ಎತ್ತುತ್ತಿದ್ದನಂತೆ. ಸೇರಿದ ದಿನ ಅವನ ತೂಕ 52 ಕಿಲೋ. ನಮ್ಮಲ್ಲಿಗೆ ಬಂದ ದಿನ 54.

“ಮೂರು ತಿಂಗಳು ಬೆವರು ಸುರಿಸಿದ್ದಕ್ಕೆ ಎರಡೇ ಕಿಲೋ! ನನ್ನ ಮೈಯೇ ಇಷ್ಟು ಎಂದು ಬಿಟ್ಟುಬಿಡಲೇ ಸಾರ್? ಅಲ್ಲಿ ಒಬ್ಬರು ಸೂಜಿ ಹಾಕಿಸಿಕೋ, ಎರಡು ತಿಂಗಳಲ್ಲಿ ಮೈ ತುಂಬುತ್ತದೆ ಎನ್ನುತ್ತಾರೆ. ಹಾಕಿಸಿಕೊಳ್ಳಲೇ?” ಎಂದು ಕೇಳಿದನು.

ಬಿಟ್ಟುಬಿಡಲೇ ಎಂಬ ಪ್ರಶ್ನೆಯೂ ಸೂಜಿ ಹಾಕಿಸಿಕೊಳ್ಳಲೇ ಎಂಬ ಪ್ರಶ್ನೆಯೂ ಒಂದೇ ತಪ್ಪು ಲೆಕ್ಕದಿಂದ ಹುಟ್ಟಿದವು. ಮೂರು ತಿಂಗಳಿಗೆ ಎಷ್ಟು ಬರಬೇಕಾಗಿತ್ತೆಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಬಂದದ್ದು ಅಲ್ಪವಲ್ಲ, ಅವನ ಮೈಗೆ ಸಲ್ಲತಕ್ಕ ನ್ಯಾಯವಾದ ಪಾಲೇ ಬಂದಿದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಆ ದಿನ ಅವನಿಗೆ ಹೇಳಿದ ಮಾತುಗಳನ್ನೇ ಸ್ವಲ್ಪ ವಿಸ್ತರಿಸಿ ಈಗ ನಿಮ್ಮ ಮುಂದೆ ಇಡುತ್ತೇವೆ.

ಈ ತಪ್ಪು ಲೆಕ್ಕ ಹೊಸದೇನೂ ಅಲ್ಲ. ಯೂಜೆನ್ ಸ್ಯಾಂಡೋ ಎಂಬ ಪ್ರಸಿದ್ಧ ಬಲಶಾಲಿಯು 1904–05ರಲ್ಲಿ ನಮ್ಮ ದೇಶದಲ್ಲಿ ಸಂಚರಿಸಿ ತನ್ನ ಮೈಕಟ್ಟನ್ನು ಪ್ರದರ್ಶಿಸಿದ ಕಾಲದಿಂದ ಇಲ್ಲಿಯ ತರುಣರಿಗೆ ದೇಹದಾರ್ಢ್ಯದ ಹುಚ್ಚು ಹತ್ತಿತು. ಆ ಮೇಲೆ ಅಮೆರಿಕದ ಚಾರ್ಲ್ಸ್ ಅಟ್ಲಾಸ್ ಎಂಬಾತನ ಜಾಹೀರಾತುಗಳು ಬಂದವು. ಸಮುದ್ರದ ದಡದಲ್ಲಿ ಕುಳಿತ ಬಡಕಲು ಹುಡುಗನ ಮುಖಕ್ಕೆ ದಾಂಡಿಗನೊಬ್ಬನು ಮರಳು ಎರಚುವುದು. ಹುಡುಗನು ಮನೆಗೆ ಹೋಗಿ ಪಾಠಗಳನ್ನು ತರಿಸಿಕೊಳ್ಳುವುದು. ಮುಂದಿನ ಚಿತ್ರದಲ್ಲಿ ಅವನೇ ದಾಂಡಿಗನಾಗಿ ಹಿಂದಿರುಗುವುದು. ಎರಡು ಚಿತ್ರಗಳ ನಡುವೆ ಎಷ್ಟು ತಿಂಗಳು ಅಥವಾ ಎಷ್ಟು ವರ್ಷ ಕಳೆಯಿತೆಂಬುದನ್ನು ಚಿತ್ರಕಾರನು ಬರೆಯಲಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ ಕೆ. ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ನಡೆಸಿ, ದೂರದವರಿಗೆ ಅಂಚೆಯ ಮೂಲಕ ಪಾಠಗಳನ್ನು ಕಳುಹಿಸುತ್ತಿದ್ದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃಗಳೆಂದು ಅವರನ್ನು ಬಲ್ಲವರು ಇಂದು ಹೆಚ್ಚು. ಆದರೆ ಅವರ ಕಾಲದವರು ಮೊದಲು ಬಲ್ಲದ್ದು ಅವರ ಮೈಕಟ್ಟನ್ನು. ಆ ಭಾವಚಿತ್ರಗಳನ್ನು ನೋಡಿ ಡಂಬೆಲ್ಸು ಕೊಂಡವರಿಗೆ ಲೆಕ್ಕವಿಲ್ಲ. ಭಾವಚಿತ್ರಕ್ಕೆ ಇರುವ ದೋಷ ಒಂದೇ: ಅದು ಮೈಯನ್ನು ತೋರಿಸುತ್ತದೆ, ಕಾಲವನ್ನು ತೋರಿಸುವುದಿಲ್ಲ. ಇಂದು ಅಂಥ ಚಿತ್ರಗಳು ಪ್ರತಿಯೊಬ್ಬನ ಅಂಗೈಯ ಫೋನಿನಲ್ಲಿಯೇ ಹರಿದುಬರುತ್ತಿರುವಾಗ ದೋಷವೂ ಅಷ್ಟೇ ಪಾಲು ಬೆಳೆದಿದೆ.

ಹಾಗಾದರೆ ಮೈಗೆ ಮಾಂಸ ಹಿಡಿಯುವುದು ಯಾವ ವೇಗದಲ್ಲಿ? ಮೊದಲು ಮಾಂಸಖಂಡವೆಂದರೆ ಏನೆಂಬುದನ್ನು ನೋಡೋಣ. ಅದರಲ್ಲಿ ನೂರಕ್ಕೆ ಸುಮಾರು 75 ಭಾಗ ನೀರು. ಸುಮಾರು 20 ಭಾಗ ಪ್ರೋಟೀನು. ಉಳಿದದ್ದು ಲವಣ, ಕೊಬ್ಬು ಮುಂತಾದವು. ಒಬ್ಬನು ತಿಂಗಳಿಗೆ ಅರ್ಧ ಕಿಲೋ ಹೊಸ ಮಾಂಸಖಂಡವನ್ನು ಸಂಪಾದಿಸಿದನೆಂದು ಇಟ್ಟುಕೊಳ್ಳಿ. ದಿನಕ್ಕೆ ಹಂಚಿದರೆ ಹದಿನಾರು ಹದಿನೇಳು ಗ್ರಾಂ ಆಯಿತು. ಅದರಲ್ಲಿ ನೀರನ್ನು ಕಳೆದರೆ ಹೊಸದಾಗಿ ಕಟ್ಟಿದ ಪ್ರೋಟೀನು ಮೂರು ಗ್ರಾಮಿನ ಮೇಲೆ ಚಿಲ್ಲರೆ. ಒಂದು ಸಣ್ಣ ಚಮಚದ ಹುರಿಗಡಲೆ ಹಿಟ್ಟಿನ ತೂಕ. ಮೈಯೊಳಗೆ ಪ್ರತಿದಿನವೂ ಇನ್ನೂರು ಮುನ್ನೂರು ಗ್ರಾಂ ಪ್ರೋಟೀನು ಕಳಚಿ ಬೀಳುತ್ತದೆ, ಮತ್ತೆ ಕಟ್ಟಲ್ಪಡುತ್ತದೆ. ಮುನ್ನೂರು ರೂಪಾಯಿ ವಹಿವಾಟಿನ ಅಂಗಡಿಯವನು ದಿನದ ಕೊನೆಗೆ ಮೂರು ರೂಪಾಯಿ ಉಳಿಸಿದಂತೆ, ಈ ಕೊಡುಕೊಳ್ಳುವಿಕೆಯಲ್ಲಿ ನಿಲ್ಲುವ ಉಳಿತಾಯವೇ ನಮ್ಮ ಹೊಸ ಮಾಂಸಖಂಡ. ಒಂದು ದಿನ ಹೆಚ್ಚು ಉಂಡರೆ, ಒಂದು ದಿನ ಎರಡು ಪಟ್ಟು ಎತ್ತಿದರೆ ಉಳಿತಾಯವೂ ಎರಡು ಪಟ್ಟಾಗುವುದಿಲ್ಲ. ಕಟ್ಟುವ ಕೆಲಸಗಾರರು ಇರುವುದೇ ಅಷ್ಟು ಮಂದಿ.

ಈ ಅರ್ಧ ಕಿಲೋ ಎಂಬ ಅಂಕಿಯನ್ನು ನಾವು ಸುಮ್ಮನೆ ಹೇಳಿದ್ದಲ್ಲ. ಭಾರದ ಸಾಧನೆ ಮಾಡಿದವರ ಮೇಲೆ ನಡೆದ 49 ಪ್ರಯೋಗಗಳನ್ನು ಕೂಡಿಸಿ 2018ರಲ್ಲಿ ಒಂದು ದೊಡ್ಡ ಲೆಕ್ಕ ಪ್ರಕಟವಾಯಿತು. ಒಟ್ಟು ಸಾಧಕರು 1863 ಮಂದಿ. ಪ್ರಯೋಗಗಳು ಸರಾಸರಿ ಹದಿಮೂರು ವಾರ ನಡೆದಿದ್ದುವು. ಪ್ರೋಟೀನಿನ ಪುಡಿ ಮುಂತಾದ ಯಾವ ವಿಶೇಷವೂ ಇಲ್ಲದೆ ಭಾರ ಎತ್ತಿದವರಲ್ಲಿ ಕೊಬ್ಬಿಲ್ಲದ ತೂಕವು ಸರಾಸರಿ ಒಂದು ಕಿಲೋವಿಗಿಂತ ಸ್ವಲ್ಪ ಹೆಚ್ಚಿತು. ಪ್ರೋಟೀನನ್ನು ಬೇರೆಯಾಗಿ ಕೊಟ್ಟವರಲ್ಲಿ ಅದರ ಮೇಲೆ ಮೂರನೆಯ ಒಂದು ಕಿಲೋವಿಗೂ ಕಡಮೆ, ಸುಮಾರು 300 ಗ್ರಾಂ, ಹೆಚ್ಚಿತು. ಸಾವಿರಾರು ರೂಪಾಯಿ ಬೆಲೆಯ ಡಬ್ಬಿಯನ್ನು ಕೊಳ್ಳುವ ಮುನ್ನ ಈ 300 ಗ್ರಾಮನ್ನು ನೆನೆಯುವುದು ಒಳ್ಳೆಯದು. ಆ ಸಾಧಕರಲ್ಲಿ ಮುದುಕರೂ ಇದ್ದರು, ಮೊದಲೇ ಪಳಗಿದವರೂ ಇದ್ದರು. ಆದುದರಿಂದ ಹೊಸದಾಗಿ ತೊಡಗಿದ ಬಡಕಲು ತರುಣನು ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸಬಹುದು. ಆರೋಗ್ಯವಾಗಿದ್ದು, ಹೊಟ್ಟೆ ತುಂಬ ಉಂಡು, ವಾರಕ್ಕೆ ಎರಡು ಮೂರು ದಿನ ತಪ್ಪದೆ ಸಾಧನೆ ಮಾಡಿದ ತರುಣನ ತೂಕವು ಮೊದಲ ತಿಂಗಳುಗಳಲ್ಲಿ ಅರ್ಧದಿಂದ ಒಂದು ಕಿಲೋವಿನಂತೆ ಏರಿದರೆ ಅದು ಒಳ್ಳೆಯ ಏರಿಕೆ. ವರ್ಷದ ಕೊನೆಗೆ ನಿಜವಾದ ಮಾಂಸಖಂಡವು ಮೂರರಿಂದ ಆರು ಕಿಲೋ ಎಂದು ನಮ್ಮ ಎಣಿಕೆ. ಎರಡನೆಯ ವರ್ಷದಲ್ಲಿ ಸುಮಾರು ಅದರ ಅರ್ಧ. ಮೂರನೆಯ ವರ್ಷದಲ್ಲಿ ಇನ್ನೂ ಕಡಮೆ. ಮೊದಲ ವರ್ಷವೇ ಸುಗ್ಗಿ. ನಮ್ಮ ತರುಣನು ಸುಗ್ಗಿಯ ನಡುವೆ ನಿಂತು ಬರಗಾಲವೆಂದು ಅಳುತ್ತಿದ್ದನು.

ಹೆಂಗಸರ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಭಾರ ಎತ್ತಿದರೆ ಗಂಡಸಿನ ಮೈಯಾಗುವುದೆಂಬ ಭಯ ಅನೇಕರಿಗೆ ಉಂಟು. ಮೊದಲಿದ್ದ ಮಾಂಸಖಂಡಕ್ಕೆ ನೂರಕ್ಕೆ ಇಷ್ಟು ಎಂದು ಲೆಕ್ಕ ಹಾಕಿದರೆ ಹೆಂಗಸರ ಬೆಳವಣಿಗೆಯು ಗಂಡಸರದಕ್ಕೆ ಹೆಚ್ಚುಕಡಮೆ ಸಮನಾಗಿಯೇ ಇದೆ. ಕಿಲೋವಿನ ಲೆಕ್ಕದಲ್ಲಿ ಮಾತ್ರ ಸುಮಾರು ಅರ್ಧ. ಒಂದು ವರ್ಷದ ಶ್ರದ್ಧೆಯಿಂದ ಎರಡು ಮೂರು ಕಿಲೋ ಬಂದರೆ ಅದೇ ಹೆಚ್ಚು. ಹೆದರಿಕೆಗೆ ಕಾರಣವಿಲ್ಲ.

ಇನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಬರುವುದಿಲ್ಲವೆಂಬುದು ಮುಖ್ಯ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 585 ಗಂಡಸರೂ ಹೆಂಗಸರೂ ಹನ್ನೆರಡು ವಾರ ಒಂದೇ ತೋಳಿಗೆ ಒಂದೇ ಬಗೆಯ ಸಾಧನೆ ಮಾಡಿದರು. ಕೊನೆಗೆ ಅಳೆದು ನೋಡಿದಾಗ ತೋಳಿನ ಖಂಡವು ಸರಾಸರಿ ಐದನೆಯ ಒಂದು ಪಾಲಿನಷ್ಟು ಬೆಳೆದಿತ್ತು. ಆದರೆ ಒಬ್ಬೊಬ್ಬರನ್ನೂ ಬೇರೆ ಬೇರೆ ನೋಡಿದರೆ ಕೆಲವರಲ್ಲಿ ಏನೂ ಬೆಳೆಯದೆ ನೂರಕ್ಕೆ ಎರಡು ಕುಗ್ಗಿಯೂ ಇತ್ತು, ಕೆಲವರಲ್ಲಿ ನೂರಕ್ಕೆ 59 ಹೆಚ್ಚಿಯೂ ಇತ್ತು. ಒಂದೇ ಗುರು, ಒಂದೇ ಭಾರ, ಒಂದೇ ಕಾಲ. ಫಲ ಮಾತ್ರ ಹೀಗೆ. ಆದುದರಿಂದ ಪಕ್ಕದಲ್ಲಿ ನಿಂತು ಎತ್ತುವ ಗೆಳೆಯನು ನಮಗೆ ಅಳತೆಗೋಲಲ್ಲ. ಅವನು ಹುಟ್ಟಿನಿಂದ ತಂದ ಬೇರೆ ಪಾಲು ಅವನದು.

ಇಲ್ಲಿ ಒಂದು ಸಂದೇಹ ಬರಬಹುದು. ನಮ್ಮ ತರುಣನಿಗೂ ಬಂದಿತ್ತು. ಅವನು ಭಾರವನ್ನು ಹೆಗಲ ಮೇಲೆ ಹೊತ್ತು ಬಸ್ಕಿ ಹೊಡೆಯುವುದನ್ನು ಬರಿಯ ಕಬ್ಬಿಣದ ಸಲಾಕೆಯಿಂದ, ಎಂದರೆ 20 ಕಿಲೋವಿನಿಂದ, ಪ್ರಾರಂಭಿಸಿದ್ದನು. ಮೂರು ತಿಂಗಳಲ್ಲಿ 50 ಕಿಲೋ ಹೊರುತ್ತಿದ್ದನು. ಬಲವು ಎರಡೂವರೆ ಪಟ್ಟಾದರೂ ಮೈ ಮಾತ್ರ ಏಕೆ ಎರಡೂವರೆ ಪಟ್ಟಾಗಲಿಲ್ಲ?

ಊರಿನ ತೇರನ್ನು ನೆನೆಯಿರಿ. ಹಗ್ಗ ಹಿಡಿದವರು ನೂರು ಮಂದಿ. ಒಬ್ಬನು ಈಗ ಎಳೆದು, ಇನ್ನೊಬ್ಬನು ಮತ್ತೊಂದು ಗಳಿಗೆಗೆ ಎಳೆದು, ಹಲವರು ಸುಮ್ಮನೆ ಹಗ್ಗ ಮುಟ್ಟಿಕೊಂಡಿದ್ದರೆ ತೇರು ಅಲುಗುವುದಿಲ್ಲ. ಎಲ್ಲರೂ ಒಂದೇ ಕೂಗಿಗೆ ಎಳೆದರೆ ಅದೇ ನೂರು ಮಂದಿಗೆ ತೇರು ಹೊರಡುತ್ತದೆ. ಹೊಸಬನ ಮಾಂಸಖಂಡದಲ್ಲಿ ಎಳೆಗಳು ಸಾವಿರಾರು ಇದ್ದರೂ ನರಗಳು ಅವುಗಳನ್ನು ಒಟ್ಟಾಗಿ ಕೂಗಿ ಕರೆಯುವುದನ್ನು ಇನ್ನೂ ಕಲಿತಿಲ್ಲ. ಮೊದಲ ಕೆಲವು ವಾರಗಳ ಬಲವೆಲ್ಲ ಬಹುಮಟ್ಟಿಗೆ ಈ ಕಲಿಕೆಯ ಫಲ. ಬಲಗೈಗೆ ಮಾತ್ರ ಸಾಧನೆ ಮಾಡಿಸಿದರೆ ಏನೂ ಮಾಡದ ಎಡಗೈಯ ಬಲವೂ ಸ್ವಲ್ಪ ಏರುತ್ತದೆಂಬುದನ್ನು 1894ರಲ್ಲಿಯೇ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಕಂಡಿದ್ದರು. ಎಡಗೈಗೆ ಮಾಂಸ ಹಿಡಿಯಲಿಲ್ಲ, ಕಲಿತದ್ದು ನರಮಂಡಲ.

ಇದಕ್ಕೆ ಇನ್ನೂ ಚೆನ್ನಾದ ನಿದರ್ಶನ 1990ರ ಒಂದು ಪ್ರಯೋಗ. ತೊಂಬತ್ತರ ಆಸುಪಾಸಿನ ಹತ್ತು ಮಂದಿ ವೃದ್ಧರು, ಆಶ್ರಯಗೃಹವೊಂದರಲ್ಲಿ ಇದ್ದವರು, ಎಂಟು ವಾರ ಕಾಲಿನಿಂದ ಭಾರ ಎತ್ತಿದರು. ಒಬ್ಬರು ನಡುವೆ ಬಿಟ್ಟರು. ಉಳಿದವರ ಕಾಲಿನ ಬಲವು ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು; ತೊಡೆಯ ಖಂಡ ಬೆಳೆದದ್ದು ನೂರಕ್ಕೆ 9. ಬಲವು ಮುಂದೆ ಓಡುತ್ತದೆ, ಗಾತ್ರವು ಹಿಂದಿನಿಂದ ನಡೆದುಬರುತ್ತದೆ. (ನಲವತ್ತು ದಾಟಿತು, ಇನ್ನೇನು ಎಂದು ಕೈಚೆಲ್ಲಿ ಕುಳಿತ ಮಿತ್ರರು ಈ ತೊಂಬತ್ತರವರನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬಹುದು.)

ಗಾತ್ರವು ಬೆಳೆದರೂ ಅದು ಕಣ್ಣಿಗೆ ಕಾಣುವುದು ಇನ್ನೂ ನಿಧಾನ. ಇದು ಬರಿಯ ರೇಖಾಗಣಿತ. ತೋಳಿನ ಸುತ್ತಳತೆ 25 ಸೆಂಟಿಮೀಟರು ಎಂದುಕೊಳ್ಳಿ. ಅಡ್ಡಲಾಗಿ ಕೊಯ್ದರೆ ಕಾಣುವ ವೃತ್ತದಲ್ಲಿ ಮುಕ್ಕಾಲು ಪಾಲು ಮಾಂಸಖಂಡ, ಉಳಿದದ್ದು ಮೂಳೆ, ಕೊಬ್ಬು, ಚರ್ಮ. ಆ ಖಂಡವು ಐದನೆಯ ಒಂದು ಪಾಲಿನಷ್ಟು ಬೆಳೆಯಿತೆಂದರೂ ಸುತ್ತಳತೆಯು 25ರಿಂದ 26 ಮುಕ್ಕಾಲಿಗೆ ಮಾತ್ರ ಏರುತ್ತದೆ. ಮೂರು ತಿಂಗಳ ಯಶಸ್ಸೆಲ್ಲ ಒಂದು ಮುಕ್ಕಾಲು ಸೆಂಟಿಮೀಟರಿನಲ್ಲಿ ಅಡಗಿದೆ. ದಿನವೂ ಕನ್ನಡಿಯಲ್ಲಿ ನೋಡಿಕೊಳ್ಳುವವನಿಗೆ ಅದು ಹೇಗೆ ಕಾಣಬೇಕು? ದಿನವೂ ತಕ್ಕಡಿ ಹತ್ತುವವನ ಪಾಡು ಇನ್ನೂ ಕಷ್ಟ. ಉಪ್ಪು, ನೀರು, ಊಟ, ಮಲಮೂತ್ರಗಳ ಕಾರಣದಿಂದಲೇ ಮನುಷ್ಯನ ತೂಕ ಒಂದು ದಿನದಿಂದ ಇನ್ನೊಂದು ದಿನಕ್ಕೆ ಒಂದು ಕಿಲೋ ಅತ್ತ ಇತ್ತ ಆಡುತ್ತದೆ. ದಿನಕ್ಕೆ ಹದಿನೇಳು ಗ್ರಾಮಿನ ಬೆಳವಣಿಗೆಯನ್ನು ಆ ಅಲೆಗಳ ನಡುವೆ ಹುಡುಕುವುದು ವ್ಯರ್ಥ. ಬೆಳಗ್ಗೆ ಎದ್ದು, ಶೌಚ ತೀರಿಸಿ, ಬರಿಯ ಹೊಟ್ಟೆಯಲ್ಲಿ ವಾರಕ್ಕೆ ಮೂರು ನಾಲ್ಕು ದಿನ ತೂಗಿಕೊಂಡು, ವಾರದ ಸರಾಸರಿಯನ್ನು ಬರೆದಿಡಬೇಕು. ತೋಳು, ಎದೆ, ತೊಡೆ, ಹೊಟ್ಟೆಗಳ ಸುತ್ತಳತೆಯನ್ನು ತಿಂಗಳಿಗೆ ಒಂದು ಸಲ ಟೇಪಿನಲ್ಲಿ ಅಳೆದರೆ ಸಾಕು. ಪ್ರತಿದಿನದ ಬರಹ ಬೇಕಾದದ್ದು ಎತ್ತಿದ ಭಾರಕ್ಕೆ. ಬೇಗ ಮಾತನಾಡುವ ಸಾಕ್ಷಿ ಅದೊಂದೇ.

ಹೊಟ್ಟೆಯ ಸುತ್ತಳತೆಯನ್ನೂ ಅಳೆಯಬೇಕೆಂದೆವು. ಅದಕ್ಕೆ ಕಾರಣ ಉಂಟು. ಆ ಕಾರಣ ಮೈಸೂರಿಗೆ ಸಂಬಂಧಿಸಿದ್ದು. ಮೈಸೂರಿನಲ್ಲಿ ಜನರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತಿದ್ದರು. ಆ ದಫ್ತರಗಳು ಮುಂದೆ ಜಗತ್ತಿನ ವೈದ್ಯರಿಗೆ ದೊಡ್ಡ ನಿಧಿಯಾದುವು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಶಿಶುಗಳನ್ನು ಸೂಕ್ಷ್ಮವಾಗಿ ಅಳೆದು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದರು. ನಮ್ಮ ಶಿಶುಗಳು ತೂಕದಲ್ಲಿಯೂ ಇತರ ಅಳತೆಗಳಲ್ಲಿಯೂ ಸಣ್ಣವು. ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬಿನಲ್ಲಿ ಮಾತ್ರ ಅಷ್ಟು ಅಂತರ ಇರಲಿಲ್ಲ. ಎಂದರೆ ಕಡಮೆಯಾದದ್ದು ಹೆಚ್ಚಾಗಿ ಮಾಂಸ, ಕೊಬ್ಬಲ್ಲ. ಪುಣೆಯ ಶಿಶುಗಳಲ್ಲಿಯೂ ಇದನ್ನೇ ಕಂಡಿದ್ದರು. ನಮ್ಮಲ್ಲಿ ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರು ಅಪರೂಪವಲ್ಲ. ಸಕ್ಕರೆ ರೋಗವು ನಮ್ಮವರನ್ನು ತೂಕ ಹೆಚ್ಚಿಲ್ಲದಿದ್ದರೂ ಹಿಡಿಯುವುದಕ್ಕೆ ಇದೂ ಒಂದು ಕಾರಣವೆಂದು ವೈದ್ಯರು ಹೇಳುತ್ತಾರೆ. ಬಡಕಲು ಮನುಷ್ಯನು ಮಾಂಸ ಬೆಳೆಸಿಕೊಳ್ಳುವುದು ಬರಿಯ ಅಂದಕ್ಕಾಗಿ ಅಲ್ಲವೆಂಬುದು ಇದರಿಂದ ತಿಳಿಯುತ್ತದೆ. ರಕ್ತದಲ್ಲಿಯ ಸಕ್ಕರೆಯನ್ನು ಹೀರಿ ಇಟ್ಟುಕೊಳ್ಳುವ ದೊಡ್ಡ ಕಣಜ ಮಾಂಸಖಂಡವೇ. ಆದುದರಿಂದ ತೂಕ ಏರಿತೆಂದು ಹಿಗ್ಗುವ ಮೊದಲು, ಏರಿದ್ದು ತೋಳಿಗೋ ಹೊಟ್ಟೆಗೋ ಎಂದು ಟೇಪನ್ನು ಕೇಳಬೇಕು.

ಹಾಗೆಂದು ಉಪವಾಸ ಮಾಡಿ ಮಾಂಸ ಬೆಳೆಸಲಾಗದು. “ನಾನು ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ” ಎಂದು ಬಡಕಲು ಮಂದಿ ಹೇಳುವುದುಂಟು. ಇದರಲ್ಲಿ ಅರ್ಧ ಸತ್ಯ. 1999ರ ಒಂದು ಪ್ರಯೋಗದಲ್ಲಿ ಹದಿನಾರು ಮಂದಿಗೆ ಎಂಟು ವಾರ ದಿನವೂ ಬೇಕಾದುದಕ್ಕಿಂತ 1000 ಕ್ಯಾಲೊರಿ ಹೆಚ್ಚಾಗಿ ಉಣ್ಣಿಸಿದರು. ಒಬ್ಬನಲ್ಲಿ ಅರ್ಧ ಕಿಲೋ ಕೊಬ್ಬೂ ಸೇರಲಿಲ್ಲ. ಇನ್ನೊಬ್ಬನಲ್ಲಿ ನಾಲ್ಕು ಕಿಲೋವಿಗೂ ಹೆಚ್ಚು ಸೇರಿತು. ಹೆಚ್ಚು ಸೇರದವರು ತಮಗೆ ತಿಳಿಯದೆಯೇ ಹೆಚ್ಚು ಓಡಾಡುತ್ತ, ಕುಳಿತಲ್ಲಿ ಅಲುಗಾಡುತ್ತ ಆ ಶಕ್ತಿಯನ್ನು ಸುಟ್ಟುಬಿಡುತ್ತಿದ್ದರು. ಉಳಿದ ಅರ್ಧವೇನೆಂದರೆ, ಬಡಕಲು ಮಂದಿ ತಾವು ಹೆಚ್ಚು ತಿನ್ನುತ್ತೇವೆಂದು ನಂಬಿರುತ್ತಾರೆ, ಅಷ್ಟೆ. ಒಂದು ವಾರ ತಿಂದುದನ್ನೆಲ್ಲ ಬರೆದಿಟ್ಟು ನೋಡಿದರೆ, ಮದುವೆಮನೆಯ ಒಂದು ಊಟವು ನೆನಪಿನಲ್ಲಿ ಉಳಿದು, ಬೆಳಗಿನ ಬರಿಯ ಕಾಫಿಯ ಮೂರು ದಿನಗಳು ಮರೆತುಹೋಗಿರುವುದು ಕಾಣುತ್ತದೆ.

ಹೆಚ್ಚಿಸಬೇಕಾದದ್ದು ಸ್ವಲ್ಪವೇ. ದಿನಕ್ಕೆ ಮುನ್ನೂರೈವತ್ತು ಕ್ಯಾಲೊರಿಯಷ್ಟು: ಒಂದು ಹಿಡಿ ಕಡಲೆಕಾಯಿ ಬೀಜ, ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ತಿಂಗಳಾದರೂ ತೂಕ ಏರದಿದ್ದರೆ ಇನ್ನೊಂದು ಅಷ್ಟು. ಪ್ರೋಟೀನಿನ ವಿಚಾರದಲ್ಲಿ, ನಾವು ಮೊದಲು ಹೇಳಿದ 2018ರ ಲೆಕ್ಕವೇ ಒಂದು ಎಲ್ಲೆಯನ್ನು ಕೊಟ್ಟಿದೆ: ದಿನಕ್ಕೆ ತೂಕದ ಒಂದೊಂದು ಕಿಲೋವಿಗೆ ಸುಮಾರು 1.6 ಗ್ರಾಂ. ಅದಕ್ಕೆ ಮೇಲೆ ಎಷ್ಟು ಸುರಿದರೂ ಹೆಚ್ಚಿನ ಫಲ ಕಾಣಲಿಲ್ಲ. 52 ಕಿಲೋವಿನ ತರುಣನಿಗೆ ಇದು 83 ಗ್ರಾಂ. ಮಾಂಸಾಹಾರಿಗಳಿಗೆ ಇದು ಕಷ್ಟವಲ್ಲ. ಒಂದು ಮೊಟ್ಟೆಯಲ್ಲಿಯೇ ಆರು ಗ್ರಾಂ ಇದೆ. ನಮ್ಮ ತರುಣನು ಸಸ್ಯಾಹಾರಿ. ಅವನ ಮುಂದೆಯೇ ಕುಳಿತು ಲೆಕ್ಕ ಹಾಕಿದೆವು. ದಿನಕ್ಕೆ ಅಕ್ಕಿ 300 ಗ್ರಾಂ, ಅದರಲ್ಲಿ ಪ್ರೋಟೀನು ಸುಮಾರು 23; ರಾಗಿಹಿಟ್ಟು 100 ಗ್ರಾಂ, ಅದರಲ್ಲಿ 7; ತೊಗರಿಬೇಳೆ 80 ಗ್ರಾಂ, ಅದರಲ್ಲಿ 17; ಹಾಲು ಮೊಸರು ಕೂಡಿ ಮುಕ್ಕಾಲು ಲೀಟರು, ಅದರಲ್ಲಿ 24; ಕಡಲೆಕಾಯಿ ಬೀಜ 40 ಗ್ರಾಂ, ಅದರಲ್ಲಿ ಹತ್ತು ಹತ್ತಿರ. ಮೊತ್ತ ಎಂಬತ್ತರ ಮೇಲೆ ಬಂತು. ಡಬ್ಬಿಯ ಪುಡಿ ಒಂದು ಚಮಚವೂ ಬೇಕಾಗಲಿಲ್ಲ. ಆದರೆ ಗಮನಿಸತಕ್ಕ ಮಾತೊಂದಿದೆ: ಎಂಬತ್ತು ಗ್ರಾಂ ಬೇಳೆ ಎಂದರೆ ತಿಳಿಸಾರಿನ ಬೇಳೆಯಲ್ಲ, ಗಟ್ಟಿ ಹುಳಿಯ ಬೇಳೆ. ನಮ್ಮ ಎಷ್ಟೋ ಮನೆಗಳಲ್ಲಿ ಇಡೀ ಸಂಸಾರಕ್ಕೆ ಬೇಯುವ ಬೇಳೆ ಅದರ ಎರಡರಷ್ಟೂ ಇರುವುದಿಲ್ಲ.

ಸಾಧನೆಯ ಕ್ರಮಕ್ಕೆ ಹೆಚ್ಚು ಮಾತು ಬೇಡ. ಗ್ರೀಕರಲ್ಲಿ ಮೈಲೋ ಎಂಬ ಮಲ್ಲನ ಕಥೆಯೊಂದಿದೆ. ಅವನು ಎಳೆಗರುವೊಂದನ್ನು ದಿನವೂ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದು, ಅದು ಎತ್ತಾಗಿ ಬೆಳೆದಾಗಲೂ ಹೊರಬಲ್ಲವನಾದನಂತೆ. ಭಾರವನ್ನು ಮೆಲ್ಲಮೆಲ್ಲನೆ ಏರಿಸಬೇಕೆಂಬ ತತ್ವಕ್ಕೆ ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ತತ್ವ ಸರಿ, ಲೆಕ್ಕ ತಪ್ಪು. ಚೆನ್ನಾಗಿ ಮೇವು ಕಂಡ ಕರುವು ದಿನಕ್ಕೆ ಅರ್ಧ ಕಿಲೋ ಬೆಳೆಯುತ್ತದೆ. ಮೈಲೋ ತಿಂಗಳಿಗೆ ಅರ್ಧ ಕಿಲೋ ಬೆಳೆದಿದ್ದರೆ ಹೆಚ್ಚು. ಕೆಲವು ತಿಂಗಳಲ್ಲಿಯೇ ಕರುವು ಅವನನ್ನು ಕೆಡವಿರಬೇಕು! ಕಬ್ಬಿಣದ ಭಾರದ ಗುಣವೇ ಇದು, ಅದು ತಾನಾಗಿ ಬೆಳೆಯುವುದಿಲ್ಲ. ನಾವು ಸಿದ್ಧರಾದಾಗ ಮಾತ್ರ ಒಂದು ಕಿಲೋ ಎರಡು ಕಿಲೋ ಸೇರಿಸಬಹುದು. ಥಾಮಸ್ ಡಿಲೋರ್ಮ್ ಎಂಬ ಅಮೆರಿಕದ ಸೇನಾ ವೈದ್ಯನು ಯುದ್ಧದಲ್ಲಿ ಗಾಯಗೊಂಡವರ ಕಾಲುಗಳಿಗೆ ಈ ಕ್ರಮದಿಂದಲೇ ಬಲ ತರಿಸಿ, 1945ರಲ್ಲಿ ಅದನ್ನು ಶಾಸ್ತ್ರೀಯವಾಗಿ ಬರೆದನು. ನಮ್ಮ ಗರಡಿಯ ದಂಡೆ ಬಸ್ಕಿಗಳೂ ಮೊದಲ ತಿಂಗಳುಗಳಿಗೆ ಸಾಕಷ್ಟು ಭಾರವೇ. ಐವತ್ತು ನೂರು ಸುಲಭವಾಗಿ ಬರುವಂತಾದ ಮೇಲೆ ಮಾತ್ರ ಅವು ಗಾತ್ರಕ್ಕಿಂತ ದಮ್ಮನ್ನು ಹೆಚ್ಚಿಸುತ್ತವೆ. ಕೂರುವುದು, ನೆಲದಿಂದ ಎತ್ತುವುದು, ನೂಕುವುದು, ಎಳೆಯುವುದು ಎಂಬ ನಾಲ್ಕು ಬಗೆಯ ಚಲನೆಗಳು. ಒಂದೊಂದನ್ನೂ ಎಂಟು ಹನ್ನೆರಡು ಸಲ, ಇನ್ನೆರಡು ಸಲ ಮಾತ್ರ ಆದೀತು ಎನ್ನುವಷ್ಟು ದಣಿವಿಗೆ. ವಾರಕ್ಕೆ ಎರಡು ಮೂರು ದಿನ. ರಾತ್ರಿ ಏಳೆಂಟು ಗಂಟೆ ನಿದ್ದೆ. ಇಷ್ಟೇ.

ಈಗ ಸೂಜಿಯ ಮಾತು. ಇದನ್ನು ನಾವು ಮರೆಮಾಚಿ ಹೇಳುವುದಿಲ್ಲ. ಸೂಜಿಯಿಂದ ಮೈ ಬರುವುದು ಸುಳ್ಳಲ್ಲ. 1996ರಲ್ಲಿ ಅಮೆರಿಕದಲ್ಲಿ ಒಂದು ಪ್ರಸಿದ್ಧ ಪ್ರಯೋಗ ಪ್ರಕಟವಾಯಿತು. ಟೆಸ್ಟಾಸ್ಟೆರೋನ್ ಎಂಬ ಗಂಡು ರಸವನ್ನು ದೊಡ್ಡ ಪ್ರಮಾಣದಲ್ಲಿ ಹತ್ತು ವಾರ ಕೊಟ್ಟರು. ಬರಿಯ ವ್ಯಾಯಾಮ ಮಾಡಿದವರಿಗೆ ಸುಮಾರು ಎರಡು ಕಿಲೋ ಕೊಬ್ಬಿಲ್ಲದ ತೂಕ ಬಂತು. ವ್ಯಾಯಾಮವೂ ಸೂಜಿಯೂ ಎರಡೂ ಇದ್ದವರಿಗೆ ಆರು ಕಿಲೋ. ವ್ಯಾಯಾಮವೇ ಇಲ್ಲದೆ ಸೂಜಿ ಮಾತ್ರ ಪಡೆದವರಿಗೆ ಮೂರು ಕಿಲೋವಿನ ಮೇಲೆ. ಕುಳಿತವನು ದುಡಿದವನನ್ನು ಮೀರಿಸಿದನು! ತರುಣರು ಫೋನಿನಲ್ಲಿ ನೋಡಿ ಹಂಬಲಿಸುವ ಮೈಗಳಲ್ಲಿ ಹಲವಕ್ಕೆ ಗುಟ್ಟು ಇದು. ಆ ಪ್ರಯೋಗವು ಹತ್ತು ವಾರಕ್ಕೆ, ವೈದ್ಯರ ಕಣ್ಣೆದುರಿಗೆ, ಶುದ್ಧ ಔಷಧದಿಂದ ನಡೆದದ್ದು. ವ್ಯಾಯಾಮಶಾಲೆಯ ಮೂಲೆಯಲ್ಲಿ ಕೈಬದಲಾಗುವ ಸೀಸೆಯಲ್ಲಿ ಏನಿದೆಯೋ ಬಲ್ಲವರಾರು? ಹೊರಗಿನಿಂದ ರಸ ಬಂದೊಡನೆ ಮೈಯು ತನ್ನದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ, ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳು ಇಲ್ಲವಾಗುವಷ್ಟು ಕಡಮೆಯಾಗುತ್ತವೆ. ಬಿಟ್ಟ ಮೇಲೆ ಅದು ಸರಿಹೋಗಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷಗಳು. ರಕ್ತ ಗಟ್ಟಿಯಾಗುವುದು, ಒಳ್ಳೆಯ ಕೊಲೆಸ್ಟರಾಲು ಇಳಿಯುವುದು, ಹೃದಯದ ಗೋಡೆ ದಪ್ಪವಾಗುವುದು ಇವೆಲ್ಲ ಹೊರಗೆ ಕಾಣದೆ ನಡೆಯುತ್ತವೆ. ಇಪ್ಪತ್ತೆರಡು ವರ್ಷದ ಹುಡುಗನು, ತಾನಾಗಿಯೇ ಬರುತ್ತಿರುವ ಸುಗ್ಗಿಯ ವರ್ಷದಲ್ಲಿ, ನಾಲ್ಕು ಕಿಲೋವಿನ ಆತುರಕ್ಕಾಗಿ ಮುಂದೆ ಹುಟ್ಟಬೇಕಾದ ಮಗುವನ್ನು ಪಣಕ್ಕೆ ಇಡುವುದೆಂದರೆ ನಮಗೆ ಸಹಿಸದು. ಇದನ್ನು ಅವನಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆವು.

ಇನ್ನೊಂದು ಎಚ್ಚರಿಕೆ. ಹುಟ್ಟು ಬಡಕಲು ಬೇರೆ, ಬಡವಾಗುತ್ತಿರುವುದು ಬೇರೆ. ತೂಕ ತಾನಾಗಿ ಇಳಿಯುತ್ತಿದ್ದರೆ, ಸಂಜೆ ಜ್ವರ, ಬಿಡದ ಕೆಮ್ಮು, ಅತಿಯಾದ ದಾಹ, ಎದೆ ಬಡಿತ, ಪದೇ ಪದೇ ಭೇದಿ ಇವುಗಳಲ್ಲಿ ಯಾವುದಾದರೂ ಇದ್ದರೆ ಹೋಗಬೇಕಾದದ್ದು ವ್ಯಾಯಾಮಶಾಲೆಗಲ್ಲ, ವೈದ್ಯರಲ್ಲಿಗೆ. ಕ್ಷಯ, ಸಕ್ಕರೆ ರೋಗ, ಥೈರಾಯ್ಡ್ ಗ್ರಂಥಿಯ ಅತಿ ವೇಗ ಇವೆಲ್ಲ ಮೊದಲು ಮೈ ಇಳಿಸಿಯೇ ತಮ್ಮ ಇರವನ್ನು ತಿಳಿಸುತ್ತವೆ. ನಮ್ಮ ತರುಣನಿಗೆ ಅಂಥದೇನೂ ಇರಲಿಲ್ಲ. ತಂದೆಯೂ ಆ ವಯಸ್ಸಿನಲ್ಲಿ ಹೀಗೆಯೇ ಇದ್ದರಂತೆ.

ಹೋದ ವಾರ ಅವನು ಮತ್ತೆ ಬಂದಿದ್ದನು, ಕೈಯಲ್ಲಿ ಒಂದು ಪುಸ್ತಕ. ವಾರವಾರದ ಸರಾಸರಿಗಳನ್ನು ಸಾಲಾಗಿ ಬರೆದಿದ್ದನು, ಕೊನೆಯದು 55.2. ಹೊಟ್ಟೆಯ ಸುತ್ತಳತೆ ಮೊದಲಿನಷ್ಟೇ. ತೋಳು ಅರ್ಧ ಸೆಂಟಿಮೀಟರು ಮೇಲೆ. ಹಳೆಯ ಅಂಗಿಗಳು ತೋಳಿನಲ್ಲಿ ಸಡಿಲವಾಗಿಯೇ ಇದ್ದು, ಭುಜದಲ್ಲಿ ಮಾತ್ರ ಬಿಗಿಯುತ್ತಿವೆ ಎಂದನು. ಸೂಜಿಯ ಮಾತನ್ನು ಎತ್ತಲಿಲ್ಲ. ದಿನವೂ ತೊಗರಿಬೇಳೆ ತಿಂದು ಬೇಸರವಾಗಿದೆ, ಹುರುಳಿಕಾಳಿನಲ್ಲಿ ಎಷ್ಟಿರುತ್ತದೆ ಎಂದು ಕೇಳಿದನು. ನೂರು ಗ್ರಾಮಿಗೆ ಸುಮಾರು ಇಪ್ಪತ್ತೆರಡು ಎಂದೆವು. ಬರೆದುಕೊಂಡು ಹೊರಟನು.